ಸಾಲು ಕರಗಿತು, ಸಾಲ ಉಳಿಯಿತು

1989ರ ಜುಲೈ ತಿಂಗಳಲ್ಲಿ, ಪಶ್ಚಿಮ ಸೈಬೀರಿಯದ ಮೆಜ್ದುರೆಚೆನ್ಸ್ಕ್ ಎಂಬ ಕಲ್ಲಿದ್ದಲು ಪಟ್ಟಣದಲ್ಲಿ ಪಾಳಿ ಮುಗಿಸಿ ಮೇಲೆ ಬಂದ ಗಣಿ ಕಾರ್ಮಿಕರು ಮನೆಗೆ ಹೋಗಲಿಲ್ಲ. ಮಸಿ ಹಿಡಿದ ಮೈಯಲ್ಲೇ ಪಟ್ಟಣದ ಚೌಕಕ್ಕೆ ಬಂದು ಕುಳಿತರು. ಗಣಿಗಳಿಗೆ ಸ್ವಾಯತ್ತತೆ ಬೇಕು, ತೆಗೆದ ಕಲ್ಲಿದ್ದಲಿನಲ್ಲಿ ಒಂದು ಪಾಲನ್ನು ತಾವೇ ಮಾರುವ ಹಕ್ಕು ಬೇಕು ಎಂಬ ದೊಡ್ಡ ಬೇಡಿಕೆಗಳ ಜೊತೆಗೆ ಮೈ ತೊಳೆಯಲು ಸೋಪು ಬೇಕು ಎಂಬ ಬೇಡಿಕೆಯೂ ಅವರ ಪಟ್ಟಿಯಲ್ಲಿತ್ತು. ಕೆಲವೇ ದಿನಗಳಲ್ಲಿ ಮುಷ್ಕರ ಕುಜ್‌ಬಾಸ್ ಪ್ರದೇಶವನ್ನೆಲ್ಲ ವ್ಯಾಪಿಸಿ, ಉಕ್ರೇನಿನ ದೊನ್‌ಬಾಸ್, ಉತ್ತರ ಧ್ರುವವೃತ್ತದ ಆಚೆಗಿನ ವೊರ್ಕುತಾ, ಕಝಾಕ್‌ಸ್ತಾನದ ಕರಗಂದಾಗಳಿಗೂ ಹಬ್ಬಿತು. ಕಾರ್ಮಿಕರ ಹೆಸರಿನಲ್ಲಿ ಎಪ್ಪತ್ತು ವರ್ಷ ಆಳಿದ ಪಕ್ಷದ ಎದುರು ಲಕ್ಷಾಂತರ ಕಾರ್ಮಿಕರೇ ಕೈಕಟ್ಟಿ ನಿಂತಿದ್ದರು. ಮಾಸ್ಕೋದ ಸರ್ಕಾರ ಬೇಡಿಕೆಗಳಿಗೆ ಒಪ್ಪಿ ಸಹಿ ಹಾಕಿತು. ಸಹಿಯ ಪ್ರಕಾರ ನಡೆದದ್ದು ಅಲ್ಪ. ಎರಡು ವರ್ಷಗಳ ನಂತರ ಅದೇ ಕಾರ್ಮಿಕರು ಮತ್ತೆ ಮುಷ್ಕರ ಹೂಡಿದಾಗ ರಷ್ಯ ಗಣರಾಜ್ಯದ ನಾಯಕ ಬೋರಿಸ್ ಯೆಲ್ತ್ಸಿನ್‌ರ ಬೆನ್ನಿಗೆ ನಿಂತಿದ್ದರು. ಮಾರುಕಟ್ಟೆ ಬರಲಿ, ನಮ್ಮ ದುಡಿಮೆಗೆ ನಿಜವಾದ ಬೆಲೆ ಸಿಗುತ್ತದೆ ಎಂದು ಅವರು ಮನಸಾರೆ ನಂಬಿದ್ದರು. ಮುಂದಿನ ದಶಕದ ಕಥೆಯನ್ನು ಓದುವಾಗ ಇದನ್ನು ಮರೆಯುವಂತಿಲ್ಲ. ರಷ್ಯದ ಜನರ ಮೇಲೆ ಯಾರೋ ಹೊರಗಿನವರು ಮಾರುಕಟ್ಟೆಯನ್ನು ಹೇರಲಿಲ್ಲ, ಬಹುಪಾಲು ಜನ ಅದನ್ನು ಬಯಸಿಯೇ ಬರಮಾಡಿಕೊಂಡರು.

ಸೋವಿಯತ್ ಒಕ್ಕೂಟ ಇಲ್ಲವಾಗಿ ಮೂರೂವರೆ ದಶಕಗಳಾಗುತ್ತಿವೆ. ಕನ್ನಡದ ಹಿರಿಯ ಓದುಗರಿಗೆ ಆ ದೇಶ ತೀರಾ ಹೊರಗಿನದೇನೂ ಆಗಿರಲಿಲ್ಲ. ನಿರಂಜನರು ಕನ್ನಡಕ್ಕೆ ತಂದ ಗೋರ್ಕಿಯ ‘ತಾಯಿ’ಯನ್ನು ಓದಿ ಬೆಳೆದ ಒಂದು ತಲೆಮಾರೇ ಇಲ್ಲಿತ್ತು. ಮಾಸ್ಕೋದ ಪ್ರಗತಿ, ರಾದುಗ, ಮೀರ್ ಪ್ರಕಾಶನಗಳ ಗಟ್ಟಿ ರಟ್ಟಿನ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದವು. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಕುಳಿತ ಹುಡುಗರು ಇರೊದೊವನ ಭೌತಶಾಸ್ತ್ರದ ಲೆಕ್ಕಗಳ ಮುಂದೆ ರಾತ್ರಿ ಕಳೆದರು. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಗಳನ್ನು ಎಷ್ಟೋ ಮನೆಗಳಲ್ಲಿ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಲು ಎತ್ತಿಡುತ್ತಿದ್ದರು. ಗೋಧಿ ಹೊಲ, ಟ್ರ್ಯಾಕ್ಟರ್, ನಗುಮುಖದ ಹುಡುಗಿಯರ ಆ ಬಣ್ಣದ ಚಿತ್ರಗಳು ವರ್ಷವಿಡೀ ನಮ್ಮ ಕೈಯಲ್ಲಿ ಇರುತ್ತಿದ್ದವು. ಚಿತ್ರದಲ್ಲಿದ್ದ ದೇಶಕ್ಕೂ ಬದುಕಿನಲ್ಲಿದ್ದ ದೇಶಕ್ಕೂ ಅಂತರವಿತ್ತೆಂದು ನಮ್ಮಲ್ಲಿ ಹಲವರಿಗೆ ಗೊತ್ತಾದದ್ದು ತಡವಾಗಿ. ಆ ದೇಶ ಮಾರುಕಟ್ಟೆಗೆ ಹೊರಳಿದಾಗ ಅಲ್ಲಿನವರು ಪಟ್ಟ ಪಾಡನ್ನಂತೂ ನಾವು ಸರಿಯಾಗಿ ಗಮನಿಸಲೇ ಇಲ್ಲ. ಅದೇ 1991ರಲ್ಲಿ ನಮ್ಮ ಬೊಕ್ಕಸವೂ ಬರಿದಾಗಿ, ನಮ್ಮದೇ ಉದಾರೀಕರಣದ ಗದ್ದಲದಲ್ಲಿ ನಾವಿದ್ದೆವು.

ಹಳೆಯ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿತ್ತು, ಸುಧಾರಕರು ಬಂದು ಕೆಡಿಸಿದರು ಎಂಬ ಮಾತು ಈಗ ಅಲ್ಲೂ ಇಲ್ಲೂ ಕೇಳುತ್ತದೆ. ಅದು ಸತ್ಯವಲ್ಲ. 1985ರಲ್ಲಿ ಗೋರ್ಬಚೇವ್ ಅಧಿಕಾರಕ್ಕೆ ಬರುವ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಉಳುವ ಭೂಮಿಯಿದ್ದ ದೇಶಗಳಲ್ಲೊಂದು ಅಮೆರಿಕ, ಕೆನಡಾಗಳಿಂದ ವರ್ಷವರ್ಷವೂ ಧಾನ್ಯ ಕೊಳ್ಳುತ್ತಿತ್ತು. ಅದಕ್ಕೆ ಬೇಕಾದ ಡಾಲರು ಬರುತ್ತಿದ್ದದ್ದು ತೈಲದಿಂದ. 1986ರಲ್ಲಿ ತೈಲದ ಬೆಲೆ ಕುಸಿಯಿತು. ಮದ್ಯಪಾನದ ವಿರುದ್ಧ ಗೋರ್ಬಚೇವ್ ಹೂಡಿದ ಸಮರದಿಂದ ವೋಡ್ಕಾದ ಆದಾಯವೂ ಹೋಯಿತು. ಖೋತಾ ತುಂಬಲು ಸರ್ಕಾರ ನೋಟು ಅಚ್ಚು ಹಾಕಿತು, ಬೆಲೆಗಳನ್ನು ಮಾತ್ರ ಹಳೆಯ ಮಟ್ಟದಲ್ಲೇ ಹಿಡಿದಿಟ್ಟಿತು. ಜನರ ಕೈಯಲ್ಲಿ ರೂಬಲ್ ಹೆಚ್ಚಿತು, ಅಂಗಡಿಯಲ್ಲಿ ಸರಕು ಕರಗಿತು. ಸಕ್ಕರೆಗೆ ಕೂಪನ್, ಸೋಪಿಗೆ ಕೂಪನ್, ಕೂಪನ್ ಇದ್ದರೂ ಗಂಟೆಗಟ್ಟಲೆ ಸಾಲು. ಕೊಳ್ಳಲು ಏನೂ ಸಿಗದವರು ಹಣವನ್ನು ಸರ್ಕಾರಿ ಉಳಿತಾಯ ಬ್ಯಾಂಕಿನಲ್ಲಿಟ್ಟರು. ಮಗಳ ಮದುವೆಗೆ, ಕಾರಿಗೆ, ಮುಪ್ಪಿನ ಕಾಲಕ್ಕೆ ಎಂದು ತಿಂಗಳು ತಿಂಗಳು ಕೂಡಿಟ್ಟ ಆ ಹಣದ ಹಿಂದೆ ಸರಕೇ ಇಲ್ಲವೆಂಬುದನ್ನು ಸರ್ಕಾರ ಯಾರಿಗೂ ಹೇಳಲಿಲ್ಲ. 1991ರ ಜನವರಿಯಲ್ಲಿ ಪ್ರಧಾನಿ ಪಾವ್ಲೊವ್ 50 ಮತ್ತು 100 ರೂಬಲ್ ನೋಟುಗಳನ್ನು ರಾತ್ರೋರಾತ್ರಿ ರದ್ದುಮಾಡಿ, ಬದಲಿಸಿಕೊಳ್ಳಲು ಮೂರೇ ದಿನ ಕೊಟ್ಟರು. 2016ರ ನವೆಂಬರನ್ನು ಕಂಡ ನಮಗೆ ಆ ಮೂರು ದಿನಗಳ ಬ್ಯಾಂಕಿನ ಬಾಗಿಲನ್ನು ಯಾರೂ ವರ್ಣಿಸಿ ಹೇಳಬೇಕಿಲ್ಲ. ಆಳುವವರು ಹಣದ ಬಗ್ಗೆ ಆಡಿದ ಮಾತನ್ನು ನಂಬಬಾರದೆಂಬ ಪಾಠ ಮಾರುಕಟ್ಟೆ ಕಾಲಿಡುವ ಮೊದಲೇ, ಕಮ್ಯುನಿಸ್ಟ್ ಸರ್ಕಾರವೇ ಕಲಿಸಿದ್ದು.

ಅದೇ 1991ರ ಆಗಸ್ಟಿನ ಕ್ಷಿಪ್ರಕ್ರಾಂತಿ ಮೂರು ದಿನಕ್ಕೆ ಮುಗಿದುಹೋದದ್ದು, ಡಿಸೆಂಬರಿನಲ್ಲಿ ಬೆಲಾರುಸ್ಸಿನ ಕಾಡಿನ ಅತಿಥಿಗೃಹವೊಂದರಲ್ಲಿ ಮೂವರು ನಾಯಕರು ಒಕ್ಕೂಟದ ಅಂತ್ಯಕ್ಕೆ ಸಹಿ ಹಾಕಿದ್ದು, ಕ್ರಿಸ್‌ಮಸ್ ದಿನ ಗೋರ್ಬಚೇವ್ ಪದತ್ಯಾಗ ಮಾಡಿದ್ದು ಎಲ್ಲರಿಗೂ ನೆನಪಿರುವ ಸಂಗತಿಗಳು. ಅದಕ್ಕಿಂತ ಹೆಚ್ಚು ಮನೆಗಳ ಒಳಹೊಕ್ಕ ದಿನ 1992ರ ಜನವರಿ 2. ಅಂದು ರಷ್ಯದಲ್ಲಿ ಹೆಚ್ಚಿನ ಸರಕುಗಳ ಬೆಲೆಯ ಮೇಲಿದ್ದ ಸರ್ಕಾರದ ಹಿಡಿತ ಒಮ್ಮೆಗೇ ಸಡಿಲಿತು. ಇದರ ಹೊಣೆ ಹೊತ್ತ ಯೆಗೋರ್ ಗೈದರ್‌ಗೆ ಆಗ ವಯಸ್ಸು ಮೂವತ್ತೈದು. ನಗರಗಳ ಗೋದಾಮಿನಲ್ಲಿ ಧಾನ್ಯವಿಲ್ಲ, ಖಜಾನೆಯಲ್ಲಿ ವಿದೇಶಿ ವಿನಿಮಯವಿಲ್ಲ, ಹಳ್ಳಿಯವರು ಹಳೆಯ ಬೆಲೆಗೆ ಧಾನ್ಯ ಕೊಡಲು ತಯಾರಿಲ್ಲ, ಕಾಯಲು ಸಮಯವಿಲ್ಲ ಎಂದು ಅವರು ವಾದಿಸಿದರು. ಆ ಚಳಿಗಾಲದ ಸ್ಥಿತಿಯನ್ನು ನೋಡಿದರೆ ಅವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಜನರಿಗೆ ಕೊಟ್ಟ ಮಾತು ಬೇರೆಯಿತ್ತು. 1991ರ ಅಕ್ಟೋಬರಿನ ಭಾಷಣದಲ್ಲಿ ಯೆಲ್ತ್ಸಿನ್, ಸುಮಾರು ಆರು ತಿಂಗಳು ಎಲ್ಲರಿಗೂ ಕಷ್ಟವಾಗುತ್ತದೆ, ಆಮೇಲೆ ಬೆಲೆ ಇಳಿಯುತ್ತದೆ, 1992ರ ಶರತ್ಕಾಲದ ಹೊತ್ತಿಗೆ ಎಲ್ಲ ಒಂದು ಹದಕ್ಕೆ ಬರುತ್ತದೆ ಎಂದಿದ್ದರು. ಬೆಲೆ ಜನವರಿ ಒಂದೇ ತಿಂಗಳಲ್ಲಿ ಸುಮಾರು ಮೂರೂವರೆ ಪಟ್ಟಾಯಿತು; ವರ್ಷ ಮುಗಿಯುವಾಗ ಇಪ್ಪತ್ತಾರು ಪಟ್ಟು. ಅಂಗಡಿಗಳ ಮುಂದಿನ ಸಾಲು ಮಾತ್ರ ಕೆಲವೇ ತಿಂಗಳಲ್ಲಿ ಕರಗಿತು. ಬೆಣ್ಣೆ, ಚೀಸು, ಮಾಂಸ, ಕಿತ್ತಳೆ ಎಲ್ಲವೂ ಗಾಜಿನ ಹಿಂದೆ ಬಂದು ಕುಳಿತವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಹೇಳುವ ಸ್ಥಿತಿ ಒಂದು ಇಡೀ ದೇಶಕ್ಕೆ ಒಂದೇ ಚಳಿಗಾಲದಲ್ಲಿ ಬಂತು.

ಜನವರಿಯ ಕೊನೆಯಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾರಬಹುದೆಂಬ ಆಜ್ಞೆ ಹೊರಟಿತು. ಸೋವಿಯತ್ ಕಾಲದಲ್ಲಿ ಲಾಭಕ್ಕಾಗಿ ಕೊಂಡು ಮಾರುವುದು ಜೈಲಿಗೆ ಕಳಿಸುವ ಅಪರಾಧವಾಗಿತ್ತು. ಆ ದಿನಗಳಲ್ಲಿ ಮಾಸ್ಕೋದ ಲುಬ್ಯಾಂಕಾ ಚೌಕದ ಬಳಿ, ಕೊರೆಯುವ ಚಳಿಯಲ್ಲಿ, ಉದ್ದಕ್ಕೆ ಸಾಲಾಗಿ ನಿಂತ ಜನರನ್ನು ಗೈದರ್ ಕಾರಿನಿಂದ ಕಂಡರು. ಹಳೆಯ ಅಭ್ಯಾಸದಂತೆ ಏನೋ ಕೊಳ್ಳಲು ನಿಂತಿದ್ದಾರೆಂದು ಮೊದಲು ಅನ್ನಿಸಿತಂತೆ. ಅವರೆಲ್ಲ ಮಾರುವವರು. ಒಬ್ಬರ ಕೈಯಲ್ಲಿ ಒಂದೆರಡು ಸಿಗರೇಟು ಪ್ಯಾಕು, ಇನ್ನೊಬ್ಬರ ಕೈಯಲ್ಲಿ ಉಣ್ಣೆಯ ಕಾಲುಚೀಲ, ಮತ್ತೊಬ್ಬರ ಹತ್ತಿರ ಒಂದು ಬಾಟಲಿ ವೋಡ್ಕಾ. ಪೊಲೀಸರು ಕೇಳಿದರೆ ತೋರಿಸಲೆಂದು ಆಜ್ಞೆಯನ್ನು ಪತ್ರಿಕೆಯಿಂದ ಕತ್ತರಿಸಿ ಕೋಟಿಗೆ ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದರೆಂದು ಗೈದರ್ ನೆನಪಿಸಿಕೊಂಡಿದ್ದಾರೆ. ಗೈದರ್‌ಗೆ ಆ ನೋಟ ಭರವಸೆ ಕೊಟ್ಟಿತು. ಎಪ್ಪತ್ತು ವರ್ಷ ಅದುಮಿಟ್ಟಿದ್ದ ವ್ಯಾಪಾರಬುದ್ಧಿ ಸತ್ತಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಅದು ನಿಜವೂ ಹೌದು. ಚೌಕಳಿ ಗೀಟಿನ ದೊಡ್ಡ ಚೀಲ ಹೊತ್ತು ಟರ್ಕಿಗೂ ಚೀನಕ್ಕೂ ಹೋಗಿ ಬಟ್ಟೆಬರೆ ತಂದು ಮಾರಿದ ಲಕ್ಷಾಂತರ ಜನರಲ್ಲಿ ಶಾಲಾ ಮಾಸ್ತರರು, ಇಂಜಿನಿಯರುಗಳು ಇದ್ದರು, ಹೆಚ್ಚಿನವರು ಹೆಂಗಸರು. ಸಂಬಳ ನಿಂತ ಮನೆಗಳನ್ನು ಅವರೇ ಸಾಕಿದರು. ಆದರೆ ಅದೇ ಸಾಲಿನಲ್ಲಿ ಮನೆಯ ಪಿಂಗಾಣಿ ಪಾತ್ರೆಗಳನ್ನು, ಸತ್ತ ಗಂಡನ ಯುದ್ಧಪದಕಗಳನ್ನು ಹಿಡಿದು ನಿಂತ ಮುದುಕಿಯರೂ ಇದ್ದರು. ಒಂದೇ ಬೀದಿಯಲ್ಲಿ ಸುಧಾರಕರ ಕಣ್ಣಿಗೆ ಬಿದ್ದದ್ದು ಒಂದು, ಉಳಿದ ದೇಶಕ್ಕೆ ನೆನಪಿರುವುದು ಇನ್ನೊಂದು.

ಹಣದುಬ್ಬರ ಏಕೆ ಇಳಿಯಲಿಲ್ಲವೆಂಬುದಕ್ಕೆ ಕಾರಣಗಳಿವೆ. ಒಂದು ಸರಕನ್ನು ಇಡೀ ದೇಶಕ್ಕೆ ಒಂದೋ ಎರಡೋ ಕಾರ್ಖಾನೆಗಳು ತಯಾರಿಸುವಂತೆ ಯೋಜನಾ ಆಯೋಗ ಕಟ್ಟಿದ್ದ ಕೈಗಾರಿಕೆಯಲ್ಲಿ ಪೈಪೋಟಿಗೆ ಜಾಗವಿರಲಿಲ್ಲ. ಹಿಡಿತ ಬಿಟ್ಟೊಡನೆ ಆ ಕಾರ್ಖಾನೆಗಳು ಬೆಲೆ ಏರಿಸಿದವು. ಹದಿನೈದು ಹೊಸ ದೇಶಗಳು ಒಂದೇ ರೂಬಲನ್ನು ಬಳಸುತ್ತಿದ್ದವು, ಹದಿನೈದು ಕೇಂದ್ರ ಬ್ಯಾಂಕುಗಳು ತಮಗೆ ಬೇಕಾದಷ್ಟು ಸಾಲ ಹಂಚುತ್ತಿದ್ದವು. ಮುಳುಗುವ ಕಾರ್ಖಾನೆಗಳಿಗೆ ರಷ್ಯದ ಕೇಂದ್ರ ಬ್ಯಾಂಕು ಧಾರಾಳವಾಗಿ ಹಣ ಸುರಿಯಿತು. ಕಾರಣ ಏನೇ ಇರಲಿ, ಜೀವಮಾನವಿಡೀ ಕೂಡಿಟ್ಟ ಹಣ ಒಂದೇ ವರ್ಷದಲ್ಲಿ ನೀರಾಯಿತು. ತಿಂಗಳಿಗೆ ಇನ್ನೂರೈವತ್ತು, ಮುನ್ನೂರು ರೂಬಲ್ ಸಂಬಳ ಇದ್ದ ಕಾಲದಲ್ಲಿ ಐದು ಸಾವಿರ ಉಳಿಸಿದ್ದವರು ನೆಮ್ಮದಿಯ ಮುಪ್ಪನ್ನು ಎದುರು ನೋಡುತ್ತಿದ್ದರು. ಆ ಐದು ಸಾವಿರದ ಬೆಲೆ ಬಹುಪಾಲು ಕರಗಿಹೋಯಿತು. ಆ ಉಳಿತಾಯ ಮೊದಲೇ ಟೊಳ್ಳಾಗಿತ್ತು, ಸುಧಾರಣೆ ಅದನ್ನು ಬಯಲು ಮಾಡಿತಷ್ಟೇ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಲೆಕ್ಕದ ಪ್ರಕಾರ ಅದು ಸರಿ. ಆದರೆ ಆ ಹಣ ಇಟ್ಟುಕೊಂಡವರು ಖಾಸಗಿ ಲೇವಾದೇವಿಗಾರರಲ್ಲ, ಸರ್ಕಾರ. ಹಳೆಯ ಸರ್ಕಾರದ ಆಸ್ತಿಗೆಲ್ಲ ವಾರಸುದಾರನಾದ ಹೊಸ ಸರ್ಕಾರ ಅದರ ಋಣಕ್ಕೂ ಮೊದಲ ದಿನವೇ ತಲೆಗೊಟ್ಟು, ಇಂತಿಷ್ಟು ವರ್ಷಗಳಲ್ಲಿ ಇಂತಿಷ್ಟು ತೀರಿಸುತ್ತೇವೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ದಶಕದಲ್ಲಿ ನಡೆದ ಅನ್ಯಾಯಗಳಲ್ಲಿ ಇದೇ ಮೊದಲನೆಯದು, ನಮ್ಮ ಲೆಕ್ಕದಲ್ಲಿ ಇದೇ ಅತಿ ದೊಡ್ಡದು. ಸರ್ಕಾರವನ್ನು ನಂಬಿ ಉಳಿಸಿದವರು ಹೆಚ್ಚು ಕಳೆದುಕೊಂಡರು. ಕಾಳಸಂತೆಯಲ್ಲಿ ಡಾಲರು ಕೊಂಡಿಟ್ಟವರು ಉಳಿದುಕೊಂಡರು.

ಖಾಸಗೀಕರಣದ ಭರವಸೆ ಇನ್ನೂ ದೊಡ್ಡದಿತ್ತು. 1992ರ ಅಕ್ಟೋಬರಿನಿಂದ ಪ್ರತಿಯೊಬ್ಬ ಪ್ರಜೆಗೂ, ಕೈಕೂಸೂ ಸೇರಿದಂತೆ, 10,000 ರೂಬಲ್ ಮುಖಬೆಲೆಯ ಒಂದೊಂದು ವೋಚರ್ ಹಂಚಿದರು. ದೇಶದ ಕಾರ್ಖಾನೆಗಳಲ್ಲಿ ಅದು ನಿಮ್ಮ ಪಾಲು ಎಂದರು. ಮುಂದೊಂದು ದಿನ ಒಂದು ವೋಚರಿಗೆ ಎರಡು ವೋಲ್ಗಾ ಕಾರುಗಳ ಬೆಲೆ ಬರುತ್ತದೆ ಎಂದು ಖಾಸಗೀಕರಣದ ಹೊಣೆ ಹೊತ್ತಿದ್ದ ಅನಾತೊಲಿ ಚುಬೈಸ್ ಹೇಳಿದ ಮಾತು ರಷ್ಯದಲ್ಲಿ ಇಂದಿಗೂ ಗಾದೆಯಂತೆ ಓಡಾಡುತ್ತದೆ. ಷೇರು ಎಂದರೇನೆಂದು ತಿಳಿಯದ ಜನ, ಆ ತಿಂಗಳ ರೊಟ್ಟಿಗೆ ಹಣ ಬೇಕಾದ ಜನ, ವೋಚರನ್ನು ರೈಲು ನಿಲ್ದಾಣದ ಹೊರಗೆ ಫಲಕ ಹಿಡಿದು ನಿಂತವರಿಗೆ ಕೆಲವು ಬಾಟಲಿ ವೋಡ್ಕಾದ ಬೆಲೆಗೆ ಮಾರಿದರು. ಹೆಚ್ಚಿನ ಕಾರ್ಖಾನೆಗಳಲ್ಲಿ ಕಾಗದದ ಮೇಲೆ ಕಾರ್ಮಿಕರೇ ಬಹುಪಾಲಿನ ಒಡೆಯರಾದರು; ಸಂಬಳ ತಡೆದು, ಷೇರು ಮಾರುವಂತೆ ಮಾಡಿ, ಹಳೆಯ ನಿರ್ದೇಶಕರೇ ನಿಜವಾದ ಒಡೆಯರಾದರು. ಇದೆಲ್ಲವೂ ಸಣ್ಣದೆನ್ನಿಸುವಂಥದ್ದು 1995ರ ಕೊನೆಯಲ್ಲಿ ನಡೆಯಿತು. ಬೊಕ್ಕಸ ಬರಿದಾದ ಸರ್ಕಾರ ಕೆಲವು ಬ್ಯಾಂಕುಗಳಿಂದ ಸಾಲ ತೆಗೆದುಕೊಂಡು, ಒತ್ತೆಯಾಗಿ ದೇಶದ ತೈಲ, ಲೋಹದ ಕಂಪನಿಗಳ ಷೇರುಗಳನ್ನಿಟ್ಟಿತು. ಸಾಲ ತೀರಿಸುವ ಉದ್ದೇಶ ಸರ್ಕಾರಕ್ಕಿರಲಿಲ್ಲ, ಹಿಂದಿರುಗಿ ಪಡೆಯುವ ಉದ್ದೇಶ ಬ್ಯಾಂಕುಗಳಿಗೂ ಇರಲಿಲ್ಲ. ಹರಾಜು ನಡೆಸಿದವರೂ ಗೆದ್ದವರೂ ಎಷ್ಟೋ ಕಡೆ ಒಬ್ಬರೇ. ಜಗತ್ತಿನ ಅತಿ ದೊಡ್ಡ ನಿಕ್ಕಲ್ ಉತ್ಪಾದಕ ಸಂಸ್ಥೆಗಳಲ್ಲೊಂದಾದ ನೊರಿಲ್ಸ್ಕ್ ನಿಕ್ಕಲ್‌ನ ಶೇ 38ರಷ್ಟು ಷೇರು 17 ಕೋಟಿ ಡಾಲರಿಗೆ ಹೋಯಿತು. ಸ್ಟಾಲಿನ್ ಕಾಲದ ಕೈದಿಗಳ ಎಲುಬಿನ ಮೇಲೆ ಎದ್ದ ನಗರ ನೊರಿಲ್ಸ್ಕ್.

ಇದಕ್ಕೂ ಮೊದಲು, 1993ರ ಅಕ್ಟೋಬರ್ 4ರಂದು, ಸಂಸತ್ತಿನೊಂದಿಗಿನ ಜಗಳವನ್ನು ಯೆಲ್ತ್ಸಿನ್ ಟ್ಯಾಂಕುಗಳ ಗುಂಡಿನಿಂದ ಮುಗಿಸಿದ್ದರು. ಎರಡು ವರ್ಷದ ಹಿಂದೆ ಸಂಸತ್ ಭವನದ ಎದುರು ಟ್ಯಾಂಕಿನ ಮೇಲೆ ಹತ್ತಿ ಪ್ರಜಾಪ್ರಭುತ್ವ ಉಳಿಸಿದ ಮನುಷ್ಯ, ಅದೇ ಕಟ್ಟಡದ ಮೇಲೆ ಟ್ಯಾಂಕುಗಳಿಂದ ಗುಂಡು ಹಾರಿಸಿದ್ದನ್ನು ನಾವೂ ದೂರದರ್ಶನದಲ್ಲಿ ನೋಡಿದೆವು. ಪಶ್ಚಿಮದ ಸರ್ಕಾರಗಳು ಸುಧಾರಣೆ ಉಳಿಯಿತೆಂದು ನಿಟ್ಟುಸಿರು ಬಿಟ್ಟವು. ಆ ನಂತರ ಬರೆದ ಸಂವಿಧಾನ ಅಧ್ಯಕ್ಷರ ಕೈಗೆ ಇತ್ತ ಅಪಾರ ಅಧಿಕಾರವನ್ನು ಮುಂದೆ ಯಾರು ಬಳಸಿಯಾರೆಂದು ಯೋಚಿಸಲು ಆಗ ಯಾರಿಗೂ ಪುರುಸೊತ್ತು ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳ ಪ್ರಾಂತೀಯ ರಷ್ಯವನ್ನು ಅಂಕಿಗಳಲ್ಲಿ ಹಿಡಿಯಲಾಗದು. ಕಾರ್ಖಾನೆ ಮುಚ್ಚುತ್ತಿರಲಿಲ್ಲ, ಕೆಲಸದಿಂದ ತೆಗೆಯುತ್ತಲೂ ಇರಲಿಲ್ಲ. ಸಂಬಳ ಮಾತ್ರ ಬರುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದರೆ ಊರೇ ಮುಚ್ಚುತ್ತಿತ್ತು: ಆಸ್ಪತ್ರೆ, ಶಿಶುವಿಹಾರ, ಮನೆಮನೆಗೆ ಬಿಸಿನೀರು ಕಳಿಸುವ ಬಾಯ್ಲರು ಎಲ್ಲವೂ ಕಾರ್ಖಾನೆಯದೇ. ಹಾಗಾಗಿ ಆರು ತಿಂಗಳು, ಎಂಟು ತಿಂಗಳು ಸಂಬಳವಿಲ್ಲದೆ ಜನ ದಿನವೂ ಕೆಲಸಕ್ಕೆ ಹೋದರು. ಕಾರ್ಖಾನೆಗಳು ಒಂದಕ್ಕೊಂದು ಹಣದ ಬದಲು ಸರಕನ್ನೇ ಕೊಟ್ಟುಕೊಂಡವು. 1998ರ ಹೊತ್ತಿಗೆ ಕೈಗಾರಿಕಾ ವಹಿವಾಟಿನ ಅರ್ಧದಷ್ಟು ಈ ಬಗೆಯದು. ಕಾರ್ಮಿಕರಿಗೂ ಸರಕೇ ಸಂಬಳ. ಗಾಜಿನ ಕೆಲಸಕ್ಕೆ ಹೆಸರಾದ ಗೂಸ್-ಖ್ರುಸ್ತಾಲ್ನಿ ಪಟ್ಟಣದಲ್ಲಿ ಸಂಬಳವೆಂದು ಕೊಟ್ಟ ಹೂದಾನಿ, ಮದ್ಯದ ಬಟ್ಟಲುಗಳನ್ನು ಕುಶಲಕರ್ಮಿಗಳು ರೈಲಿನ ಪ್ರಯಾಣಿಕರಿಗೂ ಹೆದ್ದಾರಿಯಲ್ಲಿ ಹೋಗುವವರಿಗೂ ಕೂಗಿ ಮಾರಿದರು. ಕೈಯಿಂದ ಕೊರೆದ ಸ್ಫಟಿಕದ ಬಟ್ಟಲು, ಕೊರೆದವರ ಕೈಯಲ್ಲೇ, ರೊಟ್ಟಿಯ ಬೆಲೆಗೆ. ಊಟದ ತಟ್ಟೆಯನ್ನು ತುಂಬಿದ್ದು ಊರ ಹೊರಗಿನ ತುಂಡು ಜಮೀನು. ದೇಶದ ಆಲೂಗೆಡ್ಡೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳೆದದ್ದು ಮನೆಯವರೇ ಗುದ್ದಲಿ ಹಿಡಿದು ಅಗೆದ ಇಂಥ ತೋಟಗಳಲ್ಲಿ. ಒಂದು ಅಂಕಿಯನ್ನಂತೂ ಹೇಳಲೇಬೇಕು. 1980ರ ದಶಕದ ನಡುವಿನಲ್ಲಿ ರಷ್ಯದ ಗಂಡಸಿನ ನಿರೀಕ್ಷಿತ ಆಯುಸ್ಸು 65ರ ಸಮೀಪ ಇತ್ತು. 1994ರಲ್ಲಿ ಅದು 58ಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲದೆ, ಬರವಿಲ್ಲದೆ, ಓದುಬರಹ ಬಲ್ಲ ಕೈಗಾರಿಕಾ ದೇಶವೊಂದರಲ್ಲಿ ಇಷ್ಟು ಆಯುಸ್ಸು ಕರಗಿದ ಉದಾಹರಣೆ ಅಪರೂಪ. ಹೃದಯಾಘಾತ, ಕುಡಿತ, ಆತ್ಮಹತ್ಯೆ, ಹೊಡೆದಾಟ ಎಂದು ವೈದ್ಯರು ಕಾರಣ ಬರೆದರು. ಸುಧಾರಣೆಯ ವೇಗ ಇದಕ್ಕೆ ಎಷ್ಟು ಹೊಣೆ ಎಂಬ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ನಲವತ್ತೈದು, ಐವತ್ತರ ಗಂಡಸರು, ಮಾಡುವ ಕೆಲಸಕ್ಕೆ ಇನ್ನು ಬೆಲೆಯಿಲ್ಲವೆಂದು ಗೊತ್ತಾದವರು, ಸಾಲುಸಾಲಾಗಿ ಸತ್ತರು ಎಂಬುದರಲ್ಲಿ ಜಗಳವಿಲ್ಲ.

1998ರ ಮೇ ತಿಂಗಳಲ್ಲಿ ಕುಜ್‌ಬಾಸಿನ ಗಣಿಗಾರರು ಮತ್ತೆ ಬೀದಿಗಿಳಿದರು. ಈ ಸಲ ಸೈಬೀರಿಯದ ಉದ್ದಕ್ಕೂ ಹಾಯುವ ರೈಲುಮಾರ್ಗದ ಹಳಿಗಳ ಮೇಲೆ ಕುಳಿತರು. ತಿಂಗಳುಗಟ್ಟಲೆ ಬಾಕಿಯಿದ್ದ ಸಂಬಳ ಕೊಡಿ, ಯೆಲ್ತ್ಸಿನ್ ರಾಜೀನಾಮೆ ಕೊಡಲಿ ಎಂಬುದು ಬೇಡಿಕೆ. ಯಾರನ್ನು ಹೆಗಲ ಮೇಲೆ ಹೊತ್ತು ಅಧಿಕಾರಕ್ಕೆ ತಂದಿದ್ದರೋ ಅವರನ್ನೇ ಕೆಳಗಿಳಿ ಎಂದು ಕೂಗಿದರು. ಬೇಸಿಗೆಯಿಡೀ ಮಾಸ್ಕೋದಲ್ಲಿ ಸರ್ಕಾರದ ಕಟ್ಟಡದ ಎದುರಿನ ಸೇತುವೆಯ ಮೇಲೆ ಡೇರೆ ಹಾಕಿ, ತಲೆಯ ಶಿರಸ್ತ್ರಾಣಗಳನ್ನು ಕಲ್ಲುಹಾಸಿಗೆ ಬಡಿದು ಸದ್ದು ಮಾಡಿದರು. ಆಗಸ್ಟ್ 17ರಂದು ಸರ್ಕಾರ ತನ್ನ ಸಾಲಪತ್ರಗಳಿಗೆ ಹಣ ಕೊಡಲಾರೆನೆಂದು ಕೈಯೆತ್ತಿತು. ಡಾಲರಿಗೆ ಆರು ರೂಬಲ್ ಇದ್ದದ್ದು ವರ್ಷದ ಕೊನೆಗೆ ಇಪ್ಪತ್ತಾಯಿತು. 1992ರ ಹೊಡೆತದಿಂದ ಚೇತರಿಸಿಕೊಂಡು ಮತ್ತೆ ಒಂದಿಷ್ಟು ಕೂಡಿಟ್ಟಿದ್ದ ಹೊಸ ಮಧ್ಯಮವರ್ಗ ಖಾಸಗಿ ಬ್ಯಾಂಕುಗಳ ಮುಚ್ಚಿದ ಬಾಗಿಲ ಮುಂದೆ ನಿಂತಿತು. ಮರುವರ್ಷ ಡಿಸೆಂಬರ್ 31ರ ಮಧ್ಯಾಹ್ನ ಯೆಲ್ತ್ಸಿನ್ ಅಧಿಕಾರ ಬಿಡುವಾಗ, ನಿಮ್ಮ ನಮ್ಮ ಎಷ್ಟೋ ಕನಸುಗಳು ಕೈಗೂಡಲಿಲ್ಲ, ಕ್ಷಮಿಸಿ ಎಂದು ಜನರನ್ನು ಕೇಳಿಕೊಂಡರು. ಆಳಿದವರ ಬಾಯಿಂದ ಅಂಥ ಮಾತು ಆ ದೇಶದ ಚರಿತ್ರೆಯಲ್ಲಿ ಅಪರೂಪ. ಅದನ್ನು ಗೌರವದಿಂದಲೇ ನೆನೆಯಬೇಕು.

ಬೇರೆ ದಾರಿ ಇತ್ತೇ ಎಂದು ಕೇಳುವವರು ಪೋಲೆಂಡನ್ನೂ ಚೀನವನ್ನೂ ತೋರಿಸುತ್ತಾರೆ. ಚೀನದ ಹೋಲಿಕೆ ಹೆಚ್ಚು ದೂರ ಸಾಗದು. 1978ರಲ್ಲಿ ಅಲ್ಲಿ ಹತ್ತರಲ್ಲಿ ಏಳೆಂಟು ಜನ ಹಳ್ಳಿಯ ಬಡ ರೈತರು. ಗದ್ದೆಯನ್ನು ಮನೆಗಳಿಗೆ ವಹಿಸಿದ್ದೇ ಫಸಲು ಹೆಚ್ಚಿತು; ಕಾರ್ಖಾನೆಗಳ ದೇಶವಾದ ರಷ್ಯಕ್ಕೆ ಆ ದಾರಿ ಇರಲಿಲ್ಲ. ಪೋಲೆಂಡ್ ಹತ್ತಿರದ ಉದಾಹರಣೆ. ಬಾಲ್ಸೆರೋವಿಚ್ ಯೋಜನೆ 1990ರ ಜನವರಿ 1ರಂದು ಅಷ್ಟೇ ಬಿರುಸಾಗಿ ಬಂತು, ನಿರುದ್ಯೋಗ ಶೇ 16ಕ್ಕೆ ಏರಿತು, ಸಾಲಿಡಾರಿಟಿ ಚಳವಳಿಯ ತೊಟ್ಟಿಲಾದ ಗ್ದಾನ್ಸ್ಕ್ ಹಡಗುಕಟ್ಟೆಯೇ 1996ರಲ್ಲಿ ದಿವಾಳಿಯಾಯಿತು. ಆದರೂ ಅಲ್ಲಿ ಎರಡು ಸಂಗತಿ ಬೇರೆಯಾಗಿದ್ದವು. ದೊಡ್ಡ ಕಾರ್ಖಾನೆಗಳನ್ನು ಅವಸರದಲ್ಲಿ ಹಂಚಲಿಲ್ಲ, ಸಣ್ಣ ಅಂಗಡಿ, ವರ್ಕ್‌ಶಾಪುಗಳು ಬೆಳೆಯಲು ಬಿಟ್ಟರು. ಸಿಟ್ಟಾದ ಜನ 1993ರ ಚುನಾವಣೆಯಲ್ಲಿ ಹಳೆಯ ಕಮ್ಯುನಿಸ್ಟರ ಉತ್ತರಾಧಿಕಾರಿಗಳನ್ನೇ ಗೆಲ್ಲಿಸಿದಾಗ ಯಾರೂ ಟ್ಯಾಂಕು ತರಿಸಲಿಲ್ಲ. ಅವರು ಬಂದು ಆಳಿದರು, ಸೋತು ಹೋದರು. ಸಿಟ್ಟಿಗೆ ಮತಪೆಟ್ಟಿಗೆಯಲ್ಲಿ ದಾರಿ ಸಿಕ್ಕಿತು. ರಷ್ಯದಲ್ಲಿ ಇಲ್ಲವಾದದ್ದು ಇದೇ. ಬೆಲೆಯನ್ನು ಒಂದು ದಿನದಲ್ಲಿ ಬಿಡಬಹುದು. ನ್ಯಾಯಾಲಯ, ಲೆಕ್ಕತಪಾಸಣೆ, ಆಸ್ತಿಯ ಕಾನೂನು, ಸೋತವರಿಗೆ ಕನಿಷ್ಠ ಆಸರೆ ಇವುಗಳನ್ನು ಕಟ್ಟಲು ವರ್ಷಗಳು ಬೇಕು. ಸುಧಾರಕರು ಒಡೆತನ ಮೊದಲು, ಕಾನೂನು ಆಮೇಲೆ ಎಂದು ಹೊರಟರು. ಕಾನೂನಿಲ್ಲದ ಕಾಲದಲ್ಲಿ ಒಡೆಯರಾದವರಿಗೆ ಆಮೇಲೆ ಕಾನೂನು ಬೇಕಾಗಲಿಲ್ಲ.

ಸೋವಿಯತ್ ಕುಸಿತದ ಅಲೆ ನಮ್ಮ ಮಲೆನಾಡಿಗೂ ತಟ್ಟಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಕಾಫಿಗೆ ಎಂಬತ್ತರ ದಶಕದಲ್ಲಿ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು, ಮಂಡಳಿ ಮಾರಬೇಕು, ಹಣ ಕಂತುಕಂತಾಗಿ ಬರಬೇಕು. ರೂಪಾಯಿ ವ್ಯಾಪಾರದ ಒಪ್ಪಂದದಡಿ ಮಾಸ್ಕೋ ಕೊಳ್ಳುತ್ತಿದ್ದ ಪಾಲಿನ ಮೇಲೆ ಈ ಏರ್ಪಾಡು ಬಹಳಷ್ಟು ನಿಂತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಕೋಟಾ ಮುರಿದುಬಿತ್ತು, ಎರಡು ವರ್ಷಕ್ಕೆ ಆ ಗಿರಾಕಿಯೂ ಹೋಯಿತು. ನಮ್ಮ ಬೆಳೆಗಾರರಿಗೆ 1992ರಲ್ಲಿ ಬೆಳೆಯ ಒಂದು ಪಾಲನ್ನು ತಾವೇ ಮಾರುವ ಅವಕಾಶ ಸಿಕ್ಕಿ, 1996ರ ಹೊತ್ತಿಗೆ ಪೂಲಿಂಗ್ ಪೂರ್ತಿ ಕೊನೆಗೊಂಡಿತು. ಬ್ರೆಜಿಲ್‌ನಲ್ಲಿ ಹಿಮ ಬಿದ್ದ 1994ರ ನಂತರ ಬೆಲೆ ಏರಿ ತೋಟಗಳಿಗೆ ಹೊಸ ಕಳೆ ಬಂತು; ದಶಕ ಮುಗಿಯುತ್ತಲೇ ಬೆಲೆ ನೆಲಕಚ್ಚಿ ಅದೇ ತೋಟಗಳು ಸಾಲದಲ್ಲಿ ಮುಳುಗಿದವು. ಮಾರುಕಟ್ಟೆ ಕೊಡುವುದು, ಕಿತ್ತುಕೊಳ್ಳುವುದು ಎರಡನ್ನೂ ಮಲೆನಾಡು ಕಂಡಿದೆ. ಆದರೆ ನಾಲ್ಕು ವರ್ಷಗಳ ಅವಧಿ, ಸಂಘಟಿತ ಬೆಳೆಗಾರರ ದನಿ, ಮೊದಲೇ ಇದ್ದ ಬ್ಯಾಂಕು, ಕೋರ್ಟು, ಸಹಕಾರ ಸಂಘ ಇಷ್ಟು ಇದ್ದದ್ದರಿಂದ ಹೊಡೆತ ತಡೆದುಕೊಳ್ಳುವ ಬಲ ಇತ್ತು. ಮಾಸ್ಕೋದ ಕನ್ನಡ ಪುಸ್ತಕಗಳು ಮಾತ್ರ ನಿಂತೇಹೋದವು. ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಆ ಅನುವಾದ ಕಾರ್ಯ ಲಾಭದ ಲೆಕ್ಕಕ್ಕೆ ಸಿಗುವಂಥದ್ದಾಗಿರಲಿಲ್ಲ. ಅದರಲ್ಲಿ ಪ್ರಚಾರವೂ ಇತ್ತು, ಒಪ್ಪೋಣ. ಅದೇ ಪೆಟ್ಟಿಗೆಯಲ್ಲಿ ಚೆಕಾವ್, ಟಾಲ್‌ಸ್ಟಾಯ್, ಮಕ್ಕಳ ಬಣ್ಣದ ಕಥೆಗಳು ಹಳ್ಳಿಯ ಗ್ರಂಥಾಲಯದವರೆಗೆ ಬರುತ್ತಿದ್ದವು. ಅವುಗಳ ಜಾಗ ಇಂದಿಗೂ ತೆರವಾಗಿದೆ.

ಹಾಗೆಂದು ರಷ್ಯದ ಜನ ಗಳಿಸಿದ್ದು ಕಡಿಮೆಯೇನಲ್ಲ. ನಿಷಿದ್ಧ ಪುಸ್ತಕಗಳು ಬೆಳಕಿಗೆ ಬಂದವು, 1994ರಲ್ಲಿ ಲೇಖಕ ಸೋಲ್ಜೆನಿತ್ಸಿನ್ ಗಡಿಪಾರು ಮುಗಿಸಿ ಸ್ವದೇಶಕ್ಕೆ ಮರಳಿದರು. ಪಾಸ್‌ಪೋರ್ಟ್ ಹಿಡಿದು ದೇಶ ಬಿಟ್ಟು ಹೋಗಿ ಬರುವ ಹಕ್ಕು ಸಾಮಾನ್ಯರಿಗೂ ದಕ್ಕಿತು. ವಾಸವಿದ್ದ ಸರ್ಕಾರಿ ಫ್ಲ್ಯಾಟು ಕಾಸು ಕೊಡದೆ ಸ್ವಂತವಾಯಿತು. ಎಲ್ಲ ಕಳೆದುಕೊಂಡ ಕುಟುಂಬಗಳಿಗೆ ಕೊನೆಗೂ ಉಳಿದ ಆಸ್ತಿ ಅದೊಂದೇ. ಹೊಟ್ಟೆಗಾಗಿ ಅಮೆರಿಕದ ಧಾನ್ಯ ತರಿಸುತ್ತಿದ್ದ ದೇಶ ಕಾಲು ಶತಮಾನದಲ್ಲಿ ಜಗತ್ತಿನ ಅತಿ ದೊಡ್ಡ ಗೋಧಿ ರಫ್ತುದಾರನಾಯಿತು. ಸಾಮೂಹಿಕ ಕೃಷಿಯ ಲಕ್ಷಾಂತರ ದನಗಳು ತೊಂಬತ್ತರ ದಶಕದಲ್ಲಿ ಕಸಾಯಿಖಾನೆ ಸೇರಿ ಮೇವಿನ ಧಾನ್ಯದ ಬೇಡಿಕೆ ಇಳಿದದ್ದೂ ಇದರ ಹಿಂದಿದೆ, ಆದರೂ ಸಾಧನೆ ಸಾಧನೆಯೇ. 2000ದ ನಂತರ ತೈಲದ ಬೆಲೆ ಏರಿತು, ಬಾಕಿ ಸಂಬ‌ಳ ಬಂತು, ಪಿಂಚಣಿ ತಿಂಗಳಿಗೆ ಸರಿಯಾಗಿ ಕೈಸೇರಿತು. ಇದಕ್ಕೆ ಬದಲಾಗಿ ವ್ಲಾದಿಮಿರ್ ಪುಟಿನ್ ಟಿವಿ ವಾಹಿನಿ, ಚುನಾವಣೆ, ನ್ಯಾಯಾಲಯಗಳನ್ನು ಒಂದೊಂದಾಗಿ ವಶಕ್ಕೆ ತೆಗೆದುಕೊಂಡಾಗ ಹೆಚ್ಚಿನ ಜನ ಪ್ರತಿಭಟಿಸಲಿಲ್ಲ. ಅವರನ್ನು ಗುಲಾಮ ಮನಸ್ಸಿನವರೆಂದು ಜರೆಯುವುದು ಅನ್ಯಾಯ. ಅವರ ಪಾಲಿಗೆ ಪ್ರಜಾಪ್ರಭುತ್ವ ಎಂಬ ಹೆಸರಿನಲ್ಲಿ ಬಂದದ್ದು ಕಳೆದುಹೋದ ಉಳಿತಾಯ, ಬಾರದ ಸಂಬಳ, ಹರಾಜಾದ ಗಣಿ. ಸ್ವಾತಂತ್ರ್ಯಕ್ಕೆ ಕೆಟ್ಟ ಹೆಸರು ತಂದವರು ಅದರ ಶತ್ರುಗಳಿಗಿಂತ ಹೆಚ್ಚಾಗಿ, ಅದರ ಹೆಸರು ಹೇಳಿಕೊಂಡು ಆಳಿದವರು ಎಂದೇ ನಾವು ತಿಳಿಯುತ್ತೇವೆ. ಇಂದು ಆ ದೇಶ ನೆರೆಯ ಉಕ್ರೇನಿನ ಮೇಲೆ ನಡೆಸುತ್ತಿರುವ ಯುದ್ಧಕ್ಕೆ ತೊಂಬತ್ತರ ಸಂಕಟ ಸಮರ್ಥನೆಯಾಗದು. ಆದರೆ ಆ ಯುದ್ಧಕ್ಕೆ ಹೂಂಗುಟ್ಟಿದ ಸಮಾಜದ ಕಹಿಯಲ್ಲಿ ಆ ದಶಕದ ಪಾಲಿದೆ. ಮೆಜ್ದುರೆಚೆನ್ಸ್ಕ್‌ನ ಗಣಿಗಾರರ ಮಕ್ಕಳೂ ಗಣಿಗೇ ಇಳಿದರು. 2010ರ ಮೇ ತಿಂಗಳಲ್ಲಿ ಆ ಊರಿನ ರಾಸ್ಪಾದ್ಸ್ಕಾಯಾ ಗಣಿ ಸ್ಫೋಟಿಸಿ 91 ಜನ ಸತ್ತರು. ಟನ್ನಿನ ಲೆಕ್ಕದ ಕೂಲಿಯಿಂದಾಗಿ ಸುರಕ್ಷತೆಯನ್ನು ಬದಿಗಿಡಬೇಕಾಗಿದೆ ಎಂದು ಕೆರಳಿದ ಜನ ಮತ್ತೊಮ್ಮೆ ರೈಲು ಹಳಿಗಳ ಮೇಲೆ ಬಂದು ನಿಂತರು.

ಉಳಿತಾಯದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. 1995ರ ಮೇ ತಿಂಗಳಲ್ಲಿ ರಷ್ಯದ ಸಂಸತ್ತು ಒಂದು ಕಾನೂನು ಮಾಡಿ, 1991ರ ಜೂನ್ 20ರಂದು ಸರ್ಕಾರಿ ಉಳಿತಾಯ ಬ್ಯಾಂಕಿನಲ್ಲಿದ್ದ ಜನರ ಹಣ ದೇಶದ ಆಂತರಿಕ ಸಾಲ, ಅದನ್ನು ಅಂದಿನ ಕೊಳ್ಳುವ ಶಕ್ತಿಗೆ ಸಮನಾಗಿ ಹಿಂದಿರುಗಿಸಬೇಕು ಎಂದು ಒಪ್ಪಿಕೊಂಡಿತು. ಆ ಕಾನೂನನ್ನು ಯಾರೂ ರದ್ದುಮಾಡಿಲ್ಲ. ಅದನ್ನು ಜಾರಿಗೆ ತರುವುದನ್ನು ಮಾತ್ರ ಬಜೆಟ್ಟಿನ ಜೊತೆಜೊತೆಗೇ ಮುಂದೂಡುತ್ತ ಬಂದಿದ್ದಾರೆ. ತೈಲದ ಹಣ ಹರಿದುಬಂದ ವರ್ಷಗಳಲ್ಲೂ ಮುಂದೂಡಿದರು. ಸದ್ಯಕ್ಕೆ ಕೊಡುತ್ತಿರುವುದು ಒಂದಿಷ್ಟು ಪರಿಹಾರ. 1945 ಅಥವಾ ಅದಕ್ಕೂ ಹಿಂದೆ ಹುಟ್ಟಿದವರಿಗೆ ಖಾತೆಯಲ್ಲಿದ್ದ ಮೊತ್ತದ ಮೂರು ಪಟ್ಟು, ಆಮೇಲೆ 1991ರವರೆಗೆ ಹುಟ್ಟಿದವರಿಗೆ ಎರಡು ಪಟ್ಟು, ಅದೂ ಇಂದಿನ ರೂಬಲಿನಲ್ಲಿ. ಅಂದು ಕೆಲವು ತಿಂಗಳ ಸಂಬಳವಾಗಿದ್ದ ಒಂದು ಸಾವಿರ ರೂಬಲಿಗೆ ಇಂದು ಹೆಚ್ಚೆಂದರೆ ಮೂರು ಸಾವಿರ, ಒಂದೆರಡು ಚೀಲ ದಿನಸಿಯ ಬೆಲೆ. ಮೂರು ಪಟ್ಟಿಗೆ ಅರ್ಹರಾದವರಲ್ಲಿ ಅತಿ ಕಿರಿಯರಿಗೂ ಈಗ ಎಂಬತ್ತು ತುಂಬಿದೆ.